ಎರಡು ಕಲ್ಲುಗಳ ನಡುವಿನ ಊರು: ಕಾಲ್ವ್ ಸುತ್ತಲಿನ ಕಾಡು, ಹೊಲ, ಹುಲ್ಲುಗಾವಲು

(ದಕ್ಷಿಣ ಜರ್ಮನಿಯಲ್ಲಿ ನೆಲೆಸಿರುವ ಕನ್ನಡಿಗರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸ್ನೇಹಿತರೇ,

ಸ್ಟುಟ್‌ಗಾರ್ಟ್ ಸುತ್ತಮುತ್ತ ಕೆಲಸದಲ್ಲಿರುವ ನಮ್ಮಲ್ಲಿ ಬಹಳ ಮಂದಿ, ಊರಿನಿಂದ ಅಪ್ಪ ಅಮ್ಮ ಬಂದಾಗ ಅವರನ್ನು ಬ್ಲ್ಯಾಕ್ ಫಾರೆಸ್ಟ್ ತೋರಿಸಲು ಕರೆದೊಯ್ಯುತ್ತೇವೆ. ಟಿಟಿಸೇ ಸರೋವರದ ದಡ, ಟ್ರಿಬರ್ಗ್ ಜಲಪಾತ, ಕುಕೂ ಗಡಿಯಾರದ ಅಂಗಡಿ, ಅಲ್ಲಿಂದ ಮನೆಗೆ. ಅವು ಚೆಲುವಾದ ಜಾಗಗಳೇ, ಅನುಮಾನವಿಲ್ಲ. ಆದರೆ ಇಂದು ನಾನು ಮಾತನಾಡಬೇಕೆಂದಿರುವುದು ಅವಕ್ಕಿಂತ ಬಹಳ ಹತ್ತಿರದಲ್ಲಿರುವ, ಆ ಕಾಡು ಶುರುವಾಗುವ ಅಂಚಿನಲ್ಲೇ ಇರುವ ಕಾಲ್ವ್ ಎಂಬ ಸಣ್ಣ ಊರಿನ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಆ ಊರನ್ನು ಸುತ್ತುವರಿದಿರುವ ನೆಲದ ಬಗ್ಗೆ. ಇಪ್ಪತ್ತು ಸಾವಿರಕ್ಕಿಂತ ತುಸು ಹೆಚ್ಚು ಜನರಿರುವ ಈ ಊರಿನಿಂದ ಯಾವ ದಿಕ್ಕಿಗೆ ಹೊರಟರೂ ಅರ್ಧ ಗಂಟೆಯಲ್ಲಿ ಮರಗಳ ನಡುವೆ ಇರುತ್ತೇವೆ. ಪಶ್ಚಿಮಕ್ಕೆ ನಡೆದವರಿಗೂ ಪೂರ್ವಕ್ಕೆ ನಡೆದವರಿಗೂ ಸಿಗುವ ನಾಡು ಮಾತ್ರ ಒಂದೇ ಅಲ್ಲ. ಅದು ಯಾಕೆ ಹಾಗೆ ಎಂಬುದನ್ನು ಅರಿತುಕೊಂಡರೆ, ನಾವು ಇಲ್ಲಿ ಪ್ರಕೃತಿ ಎಂದು ನೋಡಿ ಸಂತೋಷಪಡುವ ಬಹುಪಾಲು ಸಂಗತಿಗಳು ನೂರಾರು ವರ್ಷಗಳ ದುಡಿಮೆಯಿಂದ ಆದವು, ಆ ದುಡಿಮೆ ನಿಂತರೆ ಕಣ್ಮರೆಯಾಗುವಂಥವು ಎಂಬುದೂ ತಿಳಿಯುತ್ತದೆ. ನನ್ನ ಮಾತೆಲ್ಲ ಇದರ ಸುತ್ತಲೇ ಇರುತ್ತದೆ.

ಕಾಲ್ವ್ ಇರುವುದು ನಾಗೋಲ್ಡ್ ನದಿಯ ಕಣಿವೆಯಲ್ಲಿ. ಬ್ಲ್ಯಾಕ್ ಫಾರೆಸ್ಟ್‌ನ ಎತ್ತರದಲ್ಲಿ ಹುಟ್ಟುವ ಈ ಸಣ್ಣ ನದಿ ತೊಂಬತ್ತು ಕಿಲೋಮೀಟರ್‌ನಷ್ಟು ಹರಿದು ಫೋರ್ಟ್ಸ್‌ಹೈಮ್‌ನಲ್ಲಿ ಎಂಟ್ಸ್ ನದಿಯನ್ನು ಸೇರುತ್ತದೆ. ಎಂಟ್ಸ್ ನೆಕಾರ್ ನದಿಯನ್ನೂ ನೆಕಾರ್ ಮಾನ್‌ಹೈಮ್‌ನಲ್ಲಿ ರೈನ್ ನದಿಯನ್ನೂ ಕೂಡಿಕೊಳ್ಳುತ್ತವೆ. ಈ ನೀರಿನ ದಾರಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಕಣಿವೆ ಕಿರಿದು, ಎರಡೂ ಕಡೆಯ ಇಳಿಜಾರು ಕಡಿದು. ಮಾರುಕಟ್ಟೆ ಚೌಕದ ಸುತ್ತ ಮರದ ಚೌಕಟ್ಟಿನ ಮನೆಗಳು ಒತ್ತೊತ್ತಾಗಿ ನಿಂತಿವೆ. ಮೂವತ್ತು ವರ್ಷಗಳ ಯುದ್ಧದ ಕಾಲದಲ್ಲಿ, 1634ರಲ್ಲಿ ಊರು ಸುಟ್ಟುಹೋಯಿತು. 1692ರಲ್ಲಿ ಫ್ರೆಂಚ್ ಸೈನ್ಯ ಇನ್ನೊಮ್ಮೆ ಸುಟ್ಟಿತು. ಹಾಗಾಗಿ ಇಂದು ಕಾಣುವ ಮನೆಗಳಲ್ಲಿ ಹೆಚ್ಚಿನವು ಅದರ ನಂತರ ಕಟ್ಟಿದವು. ಹೊಳೆಗೆ ಅಡ್ಡವಾಗಿ 1400ರ ಸುಮಾರಿಗೆ ಕಟ್ಟಿದ ಕೆಂಪು ಕಲ್ಲಿನ ಸೇತುವೆ ಮಾತ್ರ, ಮಧ್ಯದಲ್ಲಿ ಪುಟ್ಟ ಪ್ರಾರ್ಥನಾ ಮಂದಿರವನ್ನು ಹೊತ್ತುಕೊಂಡು, ಈಗಲೂ ಇದೆ.

ಕನ್ನಡ ನಾಡಿನ ಕರಾವಳಿಗೂ ಈ ಊರಿಗೂ ನಿಜವಾದ ನಂಟೊಂದಿದೆ, ಅದನ್ನು ಇಲ್ಲಿಯೇ ಹೇಳಿ ಮುಂದೆ ಸಾಗುತ್ತೇನೆ. ಬಾಸೆಲ್ ಮಿಷನ್ನಿನ ಹರ್ಮನ್ ಗುಂಡರ್ಟ್ ತಲಶ್ಶೇರಿಯಲ್ಲಿ ವರ್ಷಗಟ್ಟಲೆ ದುಡಿದು, 1859ರಲ್ಲಿ ಭಾರತ ಬಿಟ್ಟು ಬಂದ ಮೇಲೆ ನೆಲೆಸಿದ್ದು ಕಾಲ್ವ್‌ನಲ್ಲಿ. ಅವರ ಮಲಯಾಳ ನಿಘಂಟು ಈ ಕಣಿವೆಯ ಮನೆಯಲ್ಲಿ ಪೂರ್ಣಗೊಂಡು, 1872ರಲ್ಲಿ ಮಂಗಳೂರಿನಿಂದ ಪ್ರಕಟವಾಯಿತು. 1843ರಲ್ಲಿ ‘ಮಂಗಳೂರು ಸಮಾಚಾರ’ವನ್ನು ಆರಂಭಿಸಿದ ಹರ್ಮನ್ ಮೊಗ್ಲಿಂಗ್ ಗುಂಡರ್ಟ್‌ರ ಗೆಳೆಯ. ಗುಂಡರ್ಟ್‌ರ ಮಗಳು ಮರೀ ಹುಟ್ಟಿದ್ದು ತಲಶ್ಶೇರಿಯಲ್ಲಿ. ಆಕೆಯ ಮಗ, ನೊಬೆಲ್ ಪುರಸ್ಕೃತ ಸಾಹಿತಿ ಹರ್ಮನ್ ಹೆಸ್ಸೆ, 1877ರಲ್ಲಿ ಹುಟ್ಟಿದ್ದು ಈ ಮಾರುಕಟ್ಟೆ ಚೌಕದ ಮನೆಯೊಂದರಲ್ಲಿ. ಪ್ರವಾಸಿಗರು ಬರುವುದು ಸಾಮಾನ್ಯವಾಗಿ ಆ ಮನೆಯನ್ನು ನೋಡಲು. ನೋಡಿ, ಸೇತುವೆಯ ಮೇಲೆ ಫೋಟೋ ತೆಗೆದುಕೊಂಡು, ರೈಲು ಹತ್ತಿ ಹಿಂತಿರುಗುತ್ತಾರೆ. ಅದು ನನಗೆ ಬೇಸರ ತರಿಸುವ ವಿಷಯ, ಏಕೆಂದರೆ ಊರಿನ ನಿಜವಾದ ಸಂಪತ್ತು ಸೇತುವೆ ದಾಟಿ ಮೆಟ್ಟಿಲು ಹತ್ತಿದ ಮೇಲೆ ಸಿಗುತ್ತದೆ.

ಈಗ ಕಲ್ಲಿನ ವಿಷಯಕ್ಕೆ ಬರೋಣ. ಕಾಲ್ವ್‌ನ ಪಶ್ಚಿಮಕ್ಕೆ ನೆಲದಡಿ ಇರುವುದು ಕೆಂಪು ಮರಳುಗಲ್ಲು. ಸುಮಾರು 25 ಕೋಟಿ ವರ್ಷಗಳ ಹಿಂದೆ, ಒಣ ಹವೆಯ ಬಯಲಿನಲ್ಲಿ ನದಿಗಳು ತಂದು ಹರಡಿದ ಮರಳು ಗಟ್ಟಿಯಾಗಿ ಆದ ಕಲ್ಲು ಅದು. ಅದರ ಮೇಲಿನ ಮಣ್ಣು ಹುಳಿ ಗುಣದ್ದು, ಸುಣ್ಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ, ಬೆಳೆಗೆ ಬಡವಾದದ್ದು. ಪೂರ್ವಕ್ಕೆ, ಶ್ಟಾಮ್‌ಹೈಮ್ ಮತ್ತು ಆಲ್ಟ್‌ಹೆಂಗ್‌ಶ್ಟೆಟ್ ಹಳ್ಳಿಗಳ ಕಡೆ ಹತ್ತುತ್ತಿದ್ದಂತೆ, ಕೆಂಪು ಕಲ್ಲಿನ ಮೇಲೆ ಬೂದು ಬಣ್ಣದ ಸುಣ್ಣಕಲ್ಲು ಕಾಣಿಸಿಕೊಳ್ಳುತ್ತದೆ. ಇದು ಅನಂತರದ ಕಾಲದ, ಆಳವಿಲ್ಲದ ಬೆಚ್ಚನೆಯ ಸಮುದ್ರದ ತಳದಲ್ಲಿ ಚಿಪ್ಪುಗಳೂ ಕೆಸರೂ ಸೇರಿ ಆದ ಕಲ್ಲು. ಒಡೆದ ತುಂಡನ್ನು ಎತ್ತಿ ನೋಡಿದರೆ ಚಿಪ್ಪಿನ ಗುರುತು ಬರಿಗಣ್ಣಿಗೇ ಸಿಗುವುದುಂಟು. ಈ ಎರಡು ಕಲ್ಲುಗಳ ಗಡಿ ಊರಿನ ಪಕ್ಕದಲ್ಲೇ ಹಾದುಹೋಗುತ್ತದೆ. ಕಾಡು ಎಲ್ಲಿ, ಹೊಲ ಎಲ್ಲಿ, ನೀರು ಮೇಲೆ ಹರಿಯುತ್ತದೆಯೋ ನೆಲದೊಳಗೆ ಇಂಗುತ್ತದೆಯೋ, ತಂದೆಯ ಜಮೀನು ಮಕ್ಕಳಿಗೆ ಹೇಗೆ ಹಂಚಿಕೆಯಾಯಿತು ಎಂಬುದೆಲ್ಲ ಬಹುಮಟ್ಟಿಗೆ ಈ ಗಡಿಯನ್ನು ಅನುಸರಿಸಿದೆ.

ಮೊದಲು ಪಶ್ಚಿಮಕ್ಕೆ ಹತ್ತೋಣ. ಕಣಿವೆಯ ಇಳಿಜಾರಿನಲ್ಲಿ ಜರಿಗಿಡ, ಪಾಚಿ ಹೊದ್ದ ಕೆಂಪು ಬಂಡೆ, ಎಲ್ಲೆಂದರಲ್ಲಿ ಜಿನುಗುವ ತೊರೆ. ನೀರು ಮೃದುವಾದದ್ದು, ಬಣ್ಣ ಹಾಕುವ ಕೆಲಸಕ್ಕೂ ಚರ್ಮ ಹದಮಾಡುವ ಕೆಲಸಕ್ಕೂ ಒದಗುವಂಥದ್ದು. 1650ರಲ್ಲಿ ಕಾಲ್ವ್‌ನ ಬಣ್ಣಗಾರರೂ ವರ್ತಕರೂ ಕೂಡಿ ಉಣ್ಣೆಬಟ್ಟೆಯ ವ್ಯಾಪಾರಕ್ಕೆ ಕಂಪನಿಯನ್ನೇ ಕಟ್ಟಿದ್ದರು. ಮರಗಳ ಕೆಳಗೆ ಮೊಣಕಾಲೆತ್ತರದ ಬಿಲ್‌ಬೆರಿ ಪೊದೆಗಳು ಹಾಸಿಕೊಂಡಿರುತ್ತವೆ. ಜುಲೈನಲ್ಲಿ ನಾಲಿಗೆ ನೀಲಿಯಾಗುವಷ್ಟು ಹಣ್ಣು. ಇಳಿಜಾರು ಮುಗಿದು ಪ್ರಸ್ಥಭೂಮಿ ಸಿಕ್ಕಿದ ಕೂಡಲೇ ಕಾಡಿನ ನಡುವೆ ತೆರೆದ ಜಾಗಗಳೂ ಹಳ್ಳಿಗಳೂ ಕಾಣುತ್ತವೆ. ವ್ಯುರ್ಟ್ಸ್‌ಬಾಖ್‌ನಂಥ ಹಳ್ಳಿಯಲ್ಲಿ ಮನೆಗಳೆಲ್ಲ ಒಂದೇ ರಸ್ತೆಯ ಉದ್ದಕ್ಕೆ ದೂರದೂರ ಸಾಲಾಗಿ ನಿಂತಿವೆ. ಪ್ರತಿ ಮನೆಯ ಹಿಂದಿನಿಂದ ಒಂದು ಉದ್ದ ಪಟ್ಟಿ ಹೊರಟು, ಮೊದಲು ತೋಟ, ಆಮೇಲೆ ಹೊಲ, ಆಮೇಲೆ ಹುಲ್ಲುಗಾವಲು, ಕೊನೆಯಲ್ಲಿ ಕಾಡನ್ನು ಮುಟ್ಟುತ್ತದೆ. ಸಾವಿರ ವರ್ಷಗಳಷ್ಟು ಹಿಂದೆ ಕಾಡು ಕಡಿದು ನೆಲೆಸಿದವರಿಗೆ ಅಳೆದುಕೊಟ್ಟ ಪಟ್ಟಿಗಳ ವಿನ್ಯಾಸ ಇದು. ಮಣ್ಣು ಬಡವಾದ್ದರಿಂದ ಜಮೀನನ್ನು ತುಂಡು ಮಾಡಿದರೆ ಯಾರ ಹೊಟ್ಟೆಯೂ ತುಂಬದು. ಆದ್ದರಿಂದ ಇಡೀ ಹಿಡುವಳಿ ಒಬ್ಬ ಮಗನಿಗೆ ಹೋಗುವುದು ಇಲ್ಲಿನ ಪದ್ಧತಿಯಾಯಿತು.

ಇಲ್ಲಿನ ಕಾಡನ್ನು ನೋಡಿದವರಿಗೆ ಅದು ಅನಾದಿ ಕಾಲದ್ದು ಅನ್ನಿಸುತ್ತದೆ. ಹಾಗಲ್ಲ. ಹಳೆಯ ಕಾಡು ಫರ್ ಮತ್ತು ಬೀಚ್ ಮರಗಳ ಮಿಶ್ರಣವಾಗಿತ್ತು. ಅದನ್ನು ಬರಿದು ಮಾಡಿದ್ದರಲ್ಲಿ ನಾನು ಮೊದಲು ಹೇಳಿದ ನೀರಿನ ದಾರಿಯ ಪಾತ್ರ ದೊಡ್ಡದು. ನಾಗೋಲ್ಡ್, ಎಂಟ್ಸ್, ನೆಕಾರ್ ನದಿಗಳಲ್ಲಿ ಮರದ ತೆಪ್ಪ ಸಾಗಿಸುವ ಬಗ್ಗೆ ವ್ಯುರ್ಟೆಂಬರ್ಗ್ ಮತ್ತು ಬಾಡೆನ್ ಆಡಳಿತಗಳು 1342ರಷ್ಟು ಹಿಂದೆಯೇ ಒಪ್ಪಂದ ಮಾಡಿಕೊಂಡಿದ್ದವು. 17 ಮತ್ತು 18ನೆಯ ಶತಮಾನಗಳಲ್ಲಿ ಹಾಲೆಂಡಿನ ಹಡಗುಕಟ್ಟೆಗಳಿಗೂ, ಆಮ್‌ಸ್ಟರ್‌ಡ್ಯಾಮ್‌ನ ಜೌಗು ನೆಲದಲ್ಲಿ ಮನೆಗಳ ತಳಕ್ಕೆ ಹೂಳುವ ಕಂಬಗಳಿಗೂ ನೇರವಾದ, ಉದ್ದನೆಯ ಮರ ಬೇಕಾಯಿತು. ಇಲ್ಲಿನ ಫರ್ ಮರಗಳಲ್ಲಿ ಅತಿ ಎತ್ತರದವಕ್ಕೆ ‘ಹಾಲೆಂಡಿನ ಫರ್’ ಎಂಬ ಹೆಸರೇ ಬಂತು.

ಆ ಕೆಲಸದ ವಿವರಗಳನ್ನು ಕೇಳಿದರೆ ಇವರ ಜಾಣ್ಮೆಗೆ ತಲೆದೂಗಬೇಕು. ಕಡಿದ ದಿಮ್ಮಿಗಳನ್ನು ಇಳಿಜಾರಿನಲ್ಲಿ ಜಾರಿಸಿ ತೊರೆಯ ಬಳಿ ತರುತ್ತಿದ್ದರು. ತೊರೆಯಲ್ಲಿ ನೀರು ಸಾಲದು. ಅದಕ್ಕೆಂದು ಮರದ ಬಾಗಿಲಿನ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತಿದ್ದರು. ದಿಮ್ಮಿಗಳ ತುದಿಗೆ ತೂತು ಕೊರೆದು ಒಂದಕ್ಕೊಂದು ಬಿಗಿಯುತ್ತಿದ್ದುದು ಹಗ್ಗದಿಂದಲ್ಲ, ಎಳೆಯ ಮರಗಳಿಂದ. ತೆಳ್ಳನೆಯ ಕಾಂಡಗಳನ್ನು ಒಲೆಯಲ್ಲಿ ಬಿಸಿಮಾಡಿ, ಮೆದುವಾದಾಗಲೇ ತಿರುಚಿ, ನಾರಿನಂತೆ ಬಾಗುವ ಕಟ್ಟು ಮಾಡಿಕೊಳ್ಳುತ್ತಿದ್ದರು. ಎಲ್ಲ ಸಿದ್ಧವಾದ ಮೇಲೆ ಕಟ್ಟೆಯ ಬಾಗಿಲು ತೆರೆದರೆ, ನುಗ್ಗುವ ನೀರಿನ ಜೊತೆಗೆ ಇನ್ನೂರು ಮೀಟರಿಗೂ ಉದ್ದದ ತೆಪ್ಪ ಹಾವಿನಂತೆ ತಿರುವುಗಳನ್ನು ಸುತ್ತಿಕೊಂಡು ಕಣಿವೆ ಇಳಿಯುತ್ತಿತ್ತು. ನದಿ ಅಗಲವಾದಂತೆ ತೆಪ್ಪವನ್ನೂ ಅಗಲವಾಗಿ ಕಟ್ಟಿ, ರೈನ್ ನದಿಯಲ್ಲಿ ಅದು ಹತ್ತಾರು ಆಳುಗಳು ವಾಸಮಾಡುವಷ್ಟು ದೊಡ್ಡದಾಗುತ್ತಿತ್ತು. ಕಾಲ್ವ್‌ನ ವರ್ತಕರು ಈ ವ್ಯಾಪಾರದಲ್ಲೂ ಹಣ ಮಾಡಿದರು. ಆಲ್ಟೆನ್‌ಶ್ಟೈಗ್ ಬಳಿಯ ಮೊನ್‌ಹಾರ್ಟ್‌ನಲ್ಲಿ ಅಂಥ ಕಟ್ಟೆಯೊಂದನ್ನು ಈಗಲೂ ಕಾಪಾಡಿಕೊಂಡಿದ್ದಾರೆ. ನದಿಯ ಇತಿಹಾಸದಲ್ಲಿ ಆಸಕ್ತಿಯಿರುವವರು ಅದನ್ನು ತಪ್ಪದೆ ನೋಡಬೇಕು. ರೈಲು ಬಂದ ಮೇಲೆ ತೆಪ್ಪದ ಕಾಲ ಕುಗ್ಗುತ್ತ ಬಂದು, 20ನೆಯ ಶತಮಾನದ ಆರಂಭದಲ್ಲಿ ಮುಗಿಯಿತು.

ಹಡಗಿಗೆ ಹೋದ ಮರದ ಜೊತೆಗೆ ಇದ್ದಿಲಿಗೆ, ಗಾಜಿನ ಕುಲುಮೆಗೆ, ಬೂದಿಯಿಂದ ಪೊಟ್ಯಾಶ್ ತೆಗೆಯುವುದಕ್ಕೆ ಹೋದದ್ದೂ ಬಹಳ. 19ನೆಯ ಶತಮಾನದಲ್ಲಿ ಬೋಳಾದ ಗುಡ್ಡಗಳ ಮೇಲೆ ಮತ್ತೆ ಮರ ನೆಡಲು ಹೊರಟಾಗ ಅರಣ್ಯಾಧಿಕಾರಿಗಳು ಬೇಗ ಬೆಳೆಯುವ, ಬಯಲಿನ ಬಿಸಿಲನ್ನೂ ಹಿಮವನ್ನೂ ತಡೆಯುವ ಸ್ಪ್ರೂಸ್ ಮರವನ್ನು ಆರಿಸಿದರು. ಹೀಗೆ ಫರ್ ಇದ್ದಲ್ಲಿ ಸ್ಪ್ರೂಸ್ ಬಂತು. ನಮ್ಮ ಕಣ್ಣಿಗೆ ಎರಡೂ ಒಂದೇ ಥರದ ಕ್ರಿಸ್‌ಮಸ್ ಮರ. ಗುರುತಿಸುವುದು ಮಾತ್ರ ಸುಲಭ. ಫರ್ ಎಲೆಯ ಕೆಳಮೈಯಲ್ಲಿ ಎರಡು ಬಿಳಿ ಗೆರೆಗಳಿರುತ್ತವೆ, ಎಲೆ ಚುಚ್ಚುವುದಿಲ್ಲ, ಕಾಯಿ ಕೊಂಬೆಯ ಮೇಲೆ ನೆಟ್ಟಗೆ ನಿಂತು ಅಲ್ಲಿಯೇ ಬಿಡಿಬಿಡಿಯಾಗಿ ಉದುರುತ್ತದೆ. ಸ್ಪ್ರೂಸ್ ಎಲೆ ಚುಚ್ಚುತ್ತದೆ, ಕಾಯಿ ಕೆಳಮುಖವಾಗಿ ತೂಗಾಡಿ ಇಡಿಯಾಗಿ ಬೀಳುತ್ತದೆ. ಕಾಡಿನ ನೆಲದ ಮೇಲೆ ನಮ್ಮ ಮಕ್ಕಳು ಆರಿಸಿಕೊಳ್ಳುವ ಕಾಯಿಗಳಲ್ಲಿ ಹೆಚ್ಚಿನವು ಸ್ಪ್ರೂಸ್‌ನವೇ.

ಎಲ್ಲಕ್ಕಿಂತ ಮುಖ್ಯವಾದ ಭೇದ ನೆಲದೊಳಗಿದೆ. ಫರ್ ಬೇರು ಆಳಕ್ಕೆ ಇಳಿಯುತ್ತದೆ, ಸ್ಪ್ರೂಸ್ ಬೇರು ಮೇಲ್ಪದರದಲ್ಲೇ ಹರಡುತ್ತದೆ. 1999ರ ಡಿಸೆಂಬರ್ 26ರಂದು ‘ಲೋಥರ್’ ಎಂಬ ಬಿರುಗಾಳಿ ಬೀಸಿದಾಗ ಬ್ಲ್ಯಾಕ್ ಫಾರೆಸ್ಟ್‌ನಲ್ಲಿ ಬೆಟ್ಟಕ್ಕೆ ಬೆಟ್ಟವೇ ಮಲಗಿತು, ಮಲಗಿದ್ದರಲ್ಲಿ ಸ್ಪ್ರೂಸ್ ಬಹಳ. 2018ರಿಂದ ಸಾಲುಸಾಲಾಗಿ ಒಣ ಬೇಸಿಗೆಗಳು ಬಂದಾಗ ಇನ್ನೊಂದು ಆಪತ್ತು ಕಾಣಿಸಿಕೊಂಡಿತು. ತೊಗಟೆಯನ್ನು ಕೊರೆಯುವ ಪುಟ್ಟ ಜೀರುಂಡೆಯನ್ನು ಆರೋಗ್ಯವಾದ ಮರ ತನ್ನ ಅಂಟಿನಲ್ಲಿ ಮುಳುಗಿಸಿ ಹೊರದೂಡುತ್ತದೆ. ನೀರಿಲ್ಲದೆ ಬಳಲಿದ ಮರಕ್ಕೆ ಆ ಅಂಟು ಹುಟ್ಟುವುದಿಲ್ಲ. ಕಾಲ್ವ್ ಸುತ್ತ ನಡೆಯುವಾಗ ಹಸಿರಿನ ನಡುವೆ ಕಂದು ಬಣ್ಣಕ್ಕೆ ತಿರುಗಿದ ಮರಗಳ ಗುಂಪು ಕಂಡರೆ, ಪಕ್ಕದಲ್ಲಿ ಕಡಿದು ಪೇರಿಸಿದ ದಿಮ್ಮಿಗಳಿದ್ದರೆ, ಕಾರಣ ಬಹುತೇಕ ಇದೇ. ಅಲ್ಲಲ್ಲಿ ಎಳೆ ಗಿಡಗಳ ಸುತ್ತ ತಂತಿಬೇಲಿ ಅಥವಾ ಕೊಳವೆ ಹಾಕಿರುವುದನ್ನೂ ನೋಡುತ್ತೀರಿ. ಫರ್, ಬೀಚ್, ಓಕ್ ಮರಗಳನ್ನು ಮತ್ತೆ ತರುವ ಪ್ರಯತ್ನ ಅದು, ಬೇಲಿ ಇರುವುದು ಚಿಗುರನ್ನು ಇಷ್ಟಪಡುವ ಜಿಂಕೆಗಳಿಂದ ಕಾಪಾಡಲು. ನೆಟ್ಟವರು ಆ ಮರದ ನೆರಳನ್ನು ಕಾಣುವುದಿಲ್ಲ, ಆದರೂ ನೆಡುತ್ತಾರೆ. ಅಂಥ ಬೇಲಿಯ ಪಕ್ಕದಲ್ಲಿ ಹಾದುಹೋಗುವಾಗಲೆಲ್ಲ ನನಗೆ ಆ ಕೆಲಸದ ಬಗ್ಗೆ ತುಂಬು ಗೌರವ ಮೂಡುತ್ತದೆ.

ನದಿಯ ಗುಂಟ ಉತ್ತರಕ್ಕೆ ಮೂರು ಕಿಲೋಮೀಟರ್ ಇಳಿದರೆ ಹಿರ್ಸಾವ್. 11ನೆಯ ಶತಮಾನದ ಕೊನೆಯಲ್ಲಿ ಮಠಾಧಿಪತಿ ವಿಲ್ಹೆಲ್ಮ್ ಕಟ್ಟಿಸಿದ, ಆ ಕಾಲದ ಜರ್ಮನಿಯ ಬಹು ದೊಡ್ಡ ಮಠಗಳಲ್ಲಿ ಒಂದಾಗಿದ್ದ ಕಟ್ಟಡದ ಅವಶೇಷಗಳು ಅಲ್ಲಿವೆ. ಇದೂ 1692ರ ಬೆಂಕಿಗೆ ತುತ್ತಾದದ್ದೇ. ಪಕ್ಕದಲ್ಲಿದ್ದ ಅರಸರ ಅರಮನೆಯ ಚಾವಣಿಯಿಲ್ಲದ ಗೋಡೆಗಳ ಒಳಗೆ ಎಲ್ಮ್ ಮರವೊಂದು ತಾನಾಗಿ ಹುಟ್ಟಿ, ಗೋಡೆಗಳನ್ನು ಮೀರಿ ಬೆಳೆದು, ನಾಡಿನಲ್ಲೆಲ್ಲ ಹೆಸರಾಗಿತ್ತು. ಯುರೋಪಿನ ಎಲ್ಮ್ ಮರಗಳನ್ನು ಒಂದೊಂದಾಗಿ ಕೊಂದ ಶಿಲೀಂಧ್ರ ರೋಗ ಅದನ್ನೂ 1980ರ ದಶಕದಲ್ಲಿ ತಟ್ಟಿತು. ಕೆಂಪು ಗೋಡೆಗಳು ಮಾತ್ರ ಈಗ ಉಳಿದಿವೆ.

ನೈಋತ್ಯಕ್ಕೆ, ಟೈನಾಖ್ ತೊರೆಯ ಮೇಲಿನ ಗುಡ್ಡದಲ್ಲಿರುವ ತ್ಸಾವೆಲ್‌ಶ್ಟೈನ್ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಪಾಳುಬಿದ್ದ ಕೋಟೆ, ಅದರ ಗೋಪುರ, ಒಂದೇ ಬೀದಿಯ ಪುಟ್ಟ ಊರು. ಫೆಬ್ರವರಿ ಕೊನೆಯಿಂದ ಏಪ್ರಿಲ್ ಆರಂಭದ ನಡುವೆ, ಹಿಮ ಕರಗುತ್ತಿದ್ದಂತೆ, ಇದರ ಸುತ್ತಲಿನ ಹುಲ್ಲುಗಾವಲುಗಳು ಲಕ್ಷಗಟ್ಟಲೆ ಕ್ರೋಕಸ್ ಹೂಗಳಿಂದ ನೇರಳೆ ಬಣ್ಣಕ್ಕೆ ತಿರುಗುತ್ತವೆ. ನಾವು ಅಡುಗೆಗೆ ಬಳಸುವ ಕೇಸರಿಯ ಹತ್ತಿರದ ಬಂಧು ಈ ಹೂ. ಇದರ ಎಸಳಿಗೆ ಆ ಪರಿಮಳವಿಲ್ಲ. ಸೋಜಿಗವೆಂದರೆ ಇದು ಈ ನೆಲದ ಗಿಡವೇ ಅಲ್ಲ, ಮೆಡಿಟರೇನಿಯನ್ ಕಡೆಯದು. 17ನೆಯ ಶತಮಾನದಲ್ಲಿ ಕೋಟೆಯ ಒಡೆಯನಾಗಿದ್ದ ರಾಜತಾಂತ್ರಿಕನೊಬ್ಬ ತನ್ನ ತೋಟಕ್ಕೆಂದು ತರಿಸಿದ್ದ, ಅಲ್ಲಿಂದ ಅದು ಹೊರಗೆ ಹರಡಿತು ಎಂದು ಊರಿನವರು ಹೇಳುತ್ತಾರೆ. ಹೇಗೇ ಬಂದಿರಲಿ, ಅದು ಉಳಿದದ್ದು ರೈತರ ಕೈಯಿಂದ. ಹೂ ಬಾಡಿದ ಮೇಲೆ ಎಲೆಗಳು ನೆಲದೊಳಗಿನ ಗಡ್ಡೆಗೆ ಮುಂದಿನ ವರ್ಷದ ಆಹಾರ ತುಂಬಬೇಕು. ಎಲೆ ಹಳದಿಯಾಗುವ ಮೊದಲೇ ಹುಲ್ಲು ಕೊಯ್ದರೆ ಗಡ್ಡೆ ಬಡಕಲಾಗುತ್ತದೆ. ಗೊಬ್ಬರ ಹೆಚ್ಚು ಸುರಿದರೆ ಹುಲ್ಲು ಸೊಕ್ಕಿ ಬೆಳೆದು ಹೂವನ್ನು ಮುಚ್ಚುತ್ತದೆ. ಕೊಯ್ಯದೇ ಬಿಟ್ಟರೆ ಪೊದೆ ಎದ್ದು, ಆಮೇಲೆ ಕಾಡು ಬಂದು, ಹೂ ಇಲ್ಲವಾಗುತ್ತದೆ. ಆದ್ದರಿಂದಲೇ ಈ ಜಾಗವನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿದ್ದರೂ, ಅದಕ್ಕೆ ಬೇಲಿ ಹಾಕಿ ಬಿಟ್ಟುಬಿಡುವುದು ಸಾಧ್ಯವಾಗಿಲ್ಲ. ವರ್ಷವರ್ಷವೂ ಸರಿಯಾದ ಹೊತ್ತಿಗೆ ಕೊಯ್ಲು ನಡೆಯಲೇಬೇಕು. ನೋಡಲು ಹೋದವರು ಹಾದಿ ಬಿಟ್ಟು ಹುಲ್ಲಿನ ಮೇಲೆ ಕಾಲಿಡಬಾರದೆಂಬ ಸೂಚನೆಯನ್ನು ದಯವಿಟ್ಟು ಪಾಲಿಸಿ. ಸೀರೆಯುಟ್ಟು ಹೂಗಳ ನಡುವೆ ಕುಳಿತು ತೆಗೆಸಿಕೊಂಡ ಒಂದು ಚಿತ್ರಕ್ಕಾಗಿ ನೂರು ಗಿಡ ತುಳಿಯುವುದು ಸರಿಯಲ್ಲ.

ಇನ್ನು ಪೂರ್ವಕ್ಕೆ. ಆಲ್ಟ್‌ಹೆಂಗ್‌ಶ್ಟೆಟ್ ದಾಟಿದೊಡನೆ ಆಕಾಶ ಅಗಲವಾಗುತ್ತದೆ. ಕಾಡಿನ ಕತ್ತಲೆಯಿಲ್ಲ; ಏರಿಳಿಯುವ ಹೊಲಗಳು, ಅವುಗಳ ಅಂಚಿಗೆ ಉದ್ದುದ್ದ ಮುಳ್ಳುಪೊದೆಗಳ ಸಾಲು. ಹೆಕೆನ್‌ಗೊಯ್ ಎಂದು ಕರೆಯುವ ಸುಣ್ಣಕಲ್ಲಿನ ಸೀಮೆ ಇದು. ಬಿದ್ದ ಮಳೆ ಬಿರುಕುಗಳಲ್ಲಿ ಇಳಿದುಹೋಗುವುದರಿಂದ ತೊರೆಗಳು ಕಡಿಮೆ; ನೆಲದೊಳಗಿನ ಪೊಳ್ಳು ಕುಸಿದು ಆದ ಬಟ್ಟಲಿನಾಕಾರದ ಗುಂಡಿಗಳು ಅಲ್ಲಲ್ಲಿ ಕಾಣುತ್ತವೆ. ಮಣ್ಣಿನ ಪದರ ತೆಳು, ಪ್ರತಿ ಉಳುಮೆಗೂ ಕಲ್ಲು ಮೇಲೇಳುತ್ತದೆ. ಅದನ್ನು ತಲೆಮಾರುಗಳ ಕಾಲ ಹೆಂಗಸರೂ ಮಕ್ಕಳೂ ಆರಿಸಿ ಹೊಲದಂಚಿಗೆ ಹಾಕಿದರು. ಜಮೀನನ್ನು ಎಲ್ಲ ಮಕ್ಕಳಿಗೂ ಸಮನಾಗಿ ಹಂಚುವ ಪದ್ಧತಿ ಈ ಕಡೆ ಇದ್ದುದರಿಂದ ಹೊಲಗಳು ಕಿರಿದಾಗುತ್ತ ಹೋದವು, ಅಂಚುಗಳು ಹೆಚ್ಚಿದವು, ಕಲ್ಲಿನ ದಿಬ್ಬಗಳೂ ಹೆಚ್ಚಿದವು. ಆ ದಿಬ್ಬಗಳ ಮೇಲೆ ಉಳುವವರಿಲ್ಲ. ಹಕ್ಕಿಗಳು ಬೀಳಿಸಿದ ಬೀಜದಿಂದ ಬ್ಲ್ಯಾಕ್‌ಥಾರ್ನ್, ಹಾಥಾರ್ನ್, ಕಾಡುಗುಲಾಬಿ ಎದ್ದವು. ಏಪ್ರಿಲ್‌ನಲ್ಲಿ ಬ್ಲ್ಯಾಕ್‌ಥಾರ್ನ್ ಎಲೆ ಬಿಡುವ ಮೊದಲೇ ಬೆಳ್ಳಗೆ ಅರಳಿ, ದಿಬ್ಬಗಳ ನಕಾಶೆಯನ್ನೇ ಬಯಲಿನ ಮೇಲೆ ಬರೆದಿಡುತ್ತದೆ. ಮೇ ತಿಂಗಳಲ್ಲಿ ಆಫ್ರಿಕಾದಿಂದ ಬರುವ ಕೆಂಬೆನ್ನಿನ ಕಳಿಂಗ ಹಕ್ಕಿ ಈ ಪೊದೆಗಳಲ್ಲೇ ಗೂಡು ಕಟ್ಟುತ್ತದೆ, ಹಿಡಿದ ಕೀಟಗಳನ್ನು ಮುಳ್ಳಿಗೆ ಚುಚ್ಚಿಟ್ಟುಕೊಳ್ಳುತ್ತದೆ.

ಉಳಲಾಗದ ಇಳಿಜಾರುಗಳಲ್ಲಿ ಕುರಿ ಮೇಯಿಸಿದರು. ಕುರಿ ತಿನ್ನದೆ ಬಿಟ್ಟದ್ದು ಅಲ್ಲಿ ಉಳಿಯಿತು: ಚುಚ್ಚುವ ಜೂನಿಪರ್ ಗಿಡ, ಮುಳ್ಳಿನ ಬೆಳ್ಳಿ ಥಿಸಲ್, ವಿಷದ ರಸವುಳ್ಳ ಪಾಸ್ಕ್ ಹೂ. ಈ ಕೊನೆಯದು ಮಾರ್ಚ್ ಕೊನೆಯಲ್ಲಿ, ಏಪ್ರಿಲ್‌ನಲ್ಲಿ ಅರಳುವ ನೇರಳೆ ಗಂಟೆ. ಕಾಂಡ, ಎಲೆ, ಎಸಳಿನ ಹೊರಮೈಯೆಲ್ಲ ರೇಷ್ಮೆಯಂಥ ರೋಮ. ಬಿಸಿಲಿಗೆ ಎದುರಾಗಿ ನಿಂತು ನೋಡಿದರೆ ಪ್ರತಿ ಹೂವಿನ ಸುತ್ತಲೂ ಬೆಳಕಿನ ಅಂಚು ಕಾಣುತ್ತದೆ. ನನ್ನ ಮಟ್ಟಿಗೆ ಈ ಇಡೀ ಸೀಮೆಯಲ್ಲಿ ಇದಕ್ಕಿಂತ ಚೆಂದದ ಹೂವಿಲ್ಲ, ಕ್ರೋಕಸ್ ಕೂಡ ಇದರ ನಂತರ. ಉಣ್ಣೆಗೆ ಬೆಲೆ ಬಿದ್ದುಹೋದಾಗ ಮಂದೆಗಳು ಕಡಿಮೆಯಾದವು, ಮೇಯದ ಇಳಿಜಾರಿನ ಮೇಲೆ ಪೈನ್ ಮರಗಳು ಎದ್ದು ನೆರಳು ಮಾಡಿದವು, ಹೂ ಹಿಂಜರಿಯಿತು. ಈಗ ಸರ್ಕಾರದ ನೆರವಿನಿಂದ ಕುರುಬರು ಮಂದೆಗಳನ್ನು ಇಲ್ಲಿಗೆ ತರುತ್ತಾರೆ. ಚಳಿಗಾಲದಲ್ಲಿ ಹಳ್ಳಿಯವರೂ ಸ್ವಯಂಸೇವಕರೂ ಸೇರಿ ಪೊದೆ ಸವರುತ್ತಾರೆ.

ಕಾಲ್ವ್‌ನಿಂದ ಪೂರ್ವದ ಈ ಎತ್ತರಕ್ಕೆ ಹತ್ತುವ ರೈಲು ಹಾದಿಯೊಂದು 1872ರಲ್ಲಿ ಆರಂಭವಾಗಿ, ಖಗೋಳಜ್ಞ ಕೆಪ್ಲರ್ ಹುಟ್ಟಿದೂರಾದ ವೈಲ್ ಡೆರ್ ಶ್ಟಾಟ್ ಮೂಲಕ ಸ್ಟುಟ್‌ಗಾರ್ಟ್ ಕಡೆಗೆ ಹೋಗುತ್ತಿತ್ತು. 1983ರಲ್ಲಿ ಕಾಲ್ವ್ ಮತ್ತು ವೈಲ್ ಡೆರ್ ಶ್ಟಾಟ್ ನಡುವೆ ಪ್ರಯಾಣಿಕರ ರೈಲು ನಿಂತಿತು. ನಿರ್ಜನವಾದ ಸುರಂಗಗಳಿಗೆ ಬಾವಲಿಗಳು ಬಂದು ಸೇರಿಕೊಂಡವು. ಹಿಮಗಟ್ಟದ, ತೇವವಿರುವ, ಸದ್ದಿಲ್ಲದ ಕತ್ತಲೆ ಅವುಗಳ ಚಳಿಗಾಲದ ನಿದ್ರೆಗೆ ಹೇಳಿ ಮಾಡಿಸಿದಂತಿತ್ತು. ಹೆಸ್ಸೆಯ ಹೆಸರಿಟ್ಟು ಈ ಹಾದಿಗೆ ಮರುಜೀವ ಕೊಡುವ ಯೋಜನೆ ಬಂದಾಗ ಬಾವಲಿಗಳ ಪ್ರಶ್ನೆ ಎದ್ದಿತು. ಜಿಲ್ಲಾಡಳಿತಕ್ಕೂ ನಾಬು ಎಂಬ ನಿಸರ್ಗ ಸಂರಕ್ಷಣಾ ಸಂಘಕ್ಕೂ ನಡುವೆ ದೀರ್ಘ ಮಾತುಕತೆ ನಡೆದು, ಸುರಂಗದೊಳಗೇ ಗೋಡೆ ಕಟ್ಟಿ, ಒಂದು ಭಾಗ ರೈಲಿಗೆ, ಇನ್ನೊಂದು ಭಾಗ ಬಾವಲಿಗೆ ಎಂದು ಬೇರ್ಪಡಿಸುವ ಪರಿಹಾರಕ್ಕೆ ಬಂದರು. ಇದರಿಂದ ಖರ್ಚು ಏರಿತು, ತಡವಾಯಿತು, ಊರಿನಲ್ಲಿ ಗೊಣಗಾಟವೂ ಇತ್ತು. ನಾನು ಈ ನಿರ್ಧಾರವನ್ನು ಮನಸಾರೆ ಒಪ್ಪುತ್ತೇನೆ. ಮನುಷ್ಯ ಕೊರೆದು ಬಿಟ್ಟ ಜಾಗದಲ್ಲಿ ನೆಲೆ ಕಂಡುಕೊಂಡ ಜೀವಿಗಳನ್ನು, ಮನುಷ್ಯನಿಗೆ ಮತ್ತೆ ಬೇಕಾಯಿತೆಂದು ಹೊರಹಾಕಲು ನಮಗೆ ಅಧಿಕಾರವಿಲ್ಲ.

ನಡೆಯಲು ಹೊರಡುವವರಿಗೆ ಕೆಲವು ಉಪಯುಕ್ತ ಮಾತುಗಳು. ಬ್ಲ್ಯಾಕ್ ಫಾರೆಸ್ಟ್ ಕಡೆಯ ಹಾದಿಗಳಿಗೆ ಗುರುತು ಹಾಕುವುದು 1864ರಲ್ಲಿ ಸ್ಥಾಪನೆಯಾದ ಶ್ವಾರ್ಟ್ಸ್‌ವಾಲ್ಡ್ ಸಂಘ. ಸ್ಥಳೀಯ ಹಾದಿಗೆ ಹಳದಿ ವಜ್ರಾಕೃತಿ, ಊರೂರು ದಾಟುವ ಹಾದಿಗೆ ನೀಲಿ. ಫೋರ್ಟ್ಸ್‌ಹೈಮ್‌ನಿಂದ ಬಾಸೆಲ್‌ವರೆಗೆ ಹೋಗುವ ಪಶ್ಚಿಮ ಹಾದಿಯ ಗುರುತು ಕೆಂಪು ವಜ್ರಾಕೃತಿ. ಕಾಡು ಯಾರದೇ ಆಗಿರಲಿ, ವಿಹಾರಕ್ಕಾಗಿ ಅದರೊಳಗೆ ಕಾಲ್ನಡಿಗೆಯಲ್ಲಿ ಹೋಗುವ ಹಕ್ಕನ್ನು ಇಲ್ಲಿನ ಕಾನೂನು ಎಲ್ಲರಿಗೂ ಕೊಟ್ಟಿದೆ. ಮನೆಬಳಕೆಗೆ ಬೇಕಾದಷ್ಟು ಹಣ್ಣು ಕೀಳಬಹುದು. ಸಂರಕ್ಷಿತ ಪ್ರದೇಶದಲ್ಲಿ ಒಂದು ಹೂವನ್ನೂ ಮುಟ್ಟುವಂತಿಲ್ಲ, ಬೆಳೆ ನಿಂತ ಹೊಲಕ್ಕೂ ಕೊಯ್ಲಿಗೆ ಬಿಟ್ಟ ಹುಲ್ಲುಗಾವಲಿಗೂ ಇಳಿಯುವಂತಿಲ್ಲ. ಸೈಕಲ್ ತರುವವರು ಈ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಎರಡು ಮೀಟರಿಗಿಂತ ಕಿರಿದಾದ ಕಾಡುಹಾದಿಯಲ್ಲಿ ಓಡಿಸುವುದಕ್ಕೆ ಅನುಮತಿಯಿಲ್ಲ ಎಂಬುದನ್ನು ತಿಳಿದಿರಬೇಕು.

ಉಣುಗಿನ ಬಗ್ಗೆ ಎಚ್ಚರವಿರಲಿ. ಹುಲ್ಲಿನಲ್ಲಿ, ಪೊದೆಯಲ್ಲಿ ಕಾಯುವ ಉಣುಗುಗಳು ಇಲ್ಲಿ ಮಿದುಳಿನ ಉರಿಯೂತದ ವೈರಾಣುವನ್ನು ಹರಡುತ್ತವೆ. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ: 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆಯ ವೈರಾಣು ಇದೇ ವಂಶದ್ದು. ಇಲ್ಲಿನ ರೋಗಕ್ಕೆ ಲಸಿಕೆಯಿದೆ, ವೈದ್ಯರನ್ನು ಕೇಳಿ ಹಾಕಿಸಿಕೊಳ್ಳಿ. ಅದೇ ಉಣುಗು ತರುವ ಬೊರೆಲಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕಿಗೆ ಆ ಲಸಿಕೆಯ ರಕ್ಷಣೆಯಿಲ್ಲ. ಆದ್ದರಿಂದ ಉದ್ದ ಕಾಲುಚೀಲ ಹಾಕಿಕೊಂಡು, ಮನೆಗೆ ಬಂದ ಮೇಲೆ ಮೈಯೆಲ್ಲ ನೋಡಿಕೊಳ್ಳುವುದು ಒಳ್ಳೆಯದು.

ಒಂದೇ ದಿನ ಸಿಗುವವರು ಮಾರ್ಚ್‌ನಲ್ಲಾದರೆ ಕಾಲ್ವ್‌ನಿಂದ ತ್ಸಾವೆಲ್‌ಶ್ಟೈನ್‌ಗೆ ನಡೆದು, ಟೈನಾಖ್ ಕಣಿವೆಗೆ ಇಳಿದು, ನಾಗೋಲ್ಡ್ ಕಣಿವೆಯ ರೈಲು ಹಿಡಿದು ಹಿಂತಿರುಗಬಹುದು. ಏಪ್ರಿಲ್‌ನಲ್ಲಾದರೆ ಆಲ್ಟ್‌ಹೆಂಗ್‌ಶ್ಟೆಟ್ ಸುತ್ತಲಿನ ಸುಣ್ಣಕಲ್ಲಿನ ದಿಬ್ಬಗಳು. ಸಾಧ್ಯವಿದ್ದರೆ ಪೂರ್ವದ ಎತ್ತರದಿಂದ ಹೊರಟು ಪಶ್ಚಿಮಕ್ಕೆ ನಡೆಯಿರಿ; ಕಣಿವೆಗೆ ಇಳಿಯುವಾಗ ಕಾಲಡಿಯ ಬೂದು ಕಲ್ಲು ಮುಗಿದು ಕೆಂಪು ಕಲ್ಲು ಶುರುವಾಗುವ ಜಾಗವನ್ನು ನೀವೇ ಹುಡುಕಿಕೊಳ್ಳಿ. ಮಳೆ ಬಂದ ಮರುದಿನ ಅದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.